ಲೆಕ್ಕ ಒಪ್ಪಿಸಿದ ಮಾತ್ರಕ್ಕೆ ಉತ್ತರ ಕೊಟ್ಟಂತಾಗದು

ಓಪನ್ ಸೋರ್ಸ್ ತಂತ್ರಾಂಶದ ವಲಯದಲ್ಲಿ ಯಾರೂ ಪ್ರಶ್ನಿಸಲು ಹೋಗದ ಒಂದು ನಂಬಿಕೆಯಿದೆ. ಸಮುದಾಯದ ಹಣದಲ್ಲಿ ನಡೆಯುವ ಅನುದಾನ ಯೋಜನೆ ತನ್ನ ಲೆಕ್ಕವನ್ನೆಲ್ಲ ಬಯಲಿಗಿಟ್ಟರೆ ಸಾಕು, ಹೊಣೆಗಾರಿಕೆ ಅದರ ಬೆನ್ನಿಗೇ ಬರುತ್ತದೆ ಎಂಬುದು ಆ ನಂಬಿಕೆ. ಎಷ್ಟು ದೇಣಿಗೆ ಬಂತು, ಯಾರಿಗೆ ಎಷ್ಟು ಹೋಯಿತು, ಪಡೆದವರು ಏನು ಕೆಲಸ ಮಾಡಿದರು ಎಂಬ ಮೂರು ಸಂಗತಿಗಳು ಎಲ್ಲರ ಕಣ್ಣಿಗೆ ಬೀಳುವಂತಿದ್ದರೆ ತಪ್ಪು ಮಾಡುವವರು ಹಿಂಜರಿಯುತ್ತಾರೆ, ಮಾಡಿದರೆ ಸಿಕ್ಕಿಬೀಳುತ್ತಾರೆ, ಆದ್ದರಿಂದ ಬೇರೆ ಕಾವಲು ಬೇಕಿಲ್ಲ ಎಂದು ಇದನ್ನು ಒಪ್ಪುವವರು ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಅದು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ಎಣಿಸುತ್ತದೆ. ಹಣ ಎಲ್ಲಿಗೆ ಹೋಯಿತೆಂದು ತೋರಿಸುವುದು ಒಂದು ಕೆಲಸ. ಅಲ್ಲಿಗೇ ಏಕೆ ಹೋಯಿತು, ಇನ್ನೊಂದು ಕಡೆಗೆ ಏಕೆ ಹೋಗಲಿಲ್ಲ ಎಂಬುದಕ್ಕೆ ಉತ್ತರ ಕೊಡುವುದು ಮತ್ತೊಂದು. ಮೊದಲನೆಯದು ಚೆನ್ನಾಗಿ ನಡೆದಾಗ ಎರಡನೆಯದು ನಡೆದೇ ಇಲ್ಲವೆಂಬುದು ಗಮನಕ್ಕೂ ಬಾರದೆ ಹೋಗುತ್ತದೆ. ಈ ಗೊಂದಲದ ಬೆಲೆಯನ್ನು ತೆರುವವರು ಅರ್ಜಿ ಹಾಕಿ ಕೈಬಿಡಿಸಿಕೊಂಡ ಸಣ್ಣ ಯೋಜನೆಗಳವರು.

ಮೊದಲು ಆ ನಂಬಿಕೆಯ ಬಲವನ್ನು ಒಪ್ಪಿಕೊಳ್ಳೋಣ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ ಹೊರಬಿತ್ತು. ಬ್ಯಾಂಕುಗಳಿಂದ ಹಿಡಿದು ಸರ್ಕಾರಿ ತಾಣಗಳವರೆಗೆ ಲಕ್ಷಾಂತರ ಸರ್ವರ್‌ಗಳ ನೆನಪಿನಕೋಶದಿಂದ ಪಾಸ್‌ವರ್ಡು, ರಹಸ್ಯ ಕೀಲಿಗಳನ್ನು ಸೋರಿಸಬಲ್ಲ ದೋಷ ಅದು. ಅದರ ಜೊತೆಗೇ ಗೊತ್ತಾದ ಇನ್ನೊಂದು ಸಂಗತಿ ದೋಷಕ್ಕಿಂತಲೂ ಹೆಚ್ಚು ಜನರನ್ನು ಬೆಚ್ಚಿಬೀಳಿಸಿತು: ಜಾಲದ ಬಹುಪಾಲು ಸುರಕ್ಷಿತ ಸಂಪರ್ಕಗಳಿಗೆ ಆಧಾರವಾಗಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಗೂಗಲ್, ಮೈಕ್ರೋಸಾಫ್ಟ್, ಇಂಟೆಲ್ ಮೊದಲಾದ ಕಂಪನಿಗಳ ಹಣ ಕೂಡಿಸಿ ಕೋರ್ ಇನ್‌ಫ್ರಾಸ್ಟ್ರಕ್ಚರ್ ಇನಿಶಿಯೇಟಿವ್ ಎಂಬ ನಿಧಿ ಕಟ್ಟಿತು. ಒಂದು ಅಂಕಿ ಬಯಲಾದದ್ದರಿಂದಲೇ ಹಣದ ದಿಕ್ಕು ಬದಲಾಯಿತು. ಅಂದಿನಿಂದ ಇಂಥ ಬಯಲು ಹೆಚ್ಚುತ್ತಲೇ ಬಂದಿದೆ. ಓಪನ್ ಕಲೆಕ್ಟಿವ್ ವೇದಿಕೆಯಲ್ಲಿ ಒಂದು ಯೋಜನೆಗೆ ಬಂದ ಪ್ರತಿ ದೇಣಿಗೆ, ಹೋದ ಪ್ರತಿ ವೆಚ್ಚ ಯಾರು ಬೇಕಾದರೂ ನೋಡುವಂತಿರುತ್ತದೆ. ಪ್ರೋಗ್ರಾಮಿಂಗ್ ಭಾಷೆಗಳನ್ನು ಪೋಷಿಸುವ, ಅಮೆರಿಕದಲ್ಲಿ ನೋಂದಾಯಿತವಾದ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್, ಪರ್ಲ್ ಫೌಂಡೇಶನ್‌ಗಳಂಥ ಲಾಭರಹಿತ ಸಂಸ್ಥೆಗಳು ಪ್ರತಿವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ಫಾರ್ಮ್ 990 ಸಾರ್ವಜನಿಕ ದಾಖಲೆ. ಇಷ್ಟು ತೆರೆದ ಲೆಕ್ಕ ನಮ್ಮ ಎಷ್ಟೋ ಧರ್ಮದತ್ತಿ ಸಂಸ್ಥೆಗಳಲ್ಲಿ ಕನಸಿನಲ್ಲೂ ಸಿಗದು. ಇದನ್ನು ಕಡೆಗಣಿಸಿ ಮುಂದಿನ ವಾದ ಕಟ್ಟಿದರೆ ಅನ್ಯಾಯವಾಗುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು ಎಂದು ವಿಚಾರಿಸಿದರೆ ಅದರ ದೋಷವೂ ಕಾಣತೊಡಗುತ್ತದೆ. ಅದು ಬಂದದ್ದು ಕೋಡ್‌ನಿಂದ. ಮೂಲಸಂಕೇತ ಎಲ್ಲರಿಗೂ ತೆರೆದಿದ್ದರೆ ನೋಡುವವರು ಹೆಚ್ಚುತ್ತಾರೆ, ನೋಡುವವರು ಹೆಚ್ಚಿದರೆ ದೋಷ ಬೇಗ ಸಿಗುತ್ತದೆ ಎಂಬ ಎಣಿಕೆ ಈ ವಲಯದ ಹಳೆಯ ಆಸ್ತಿ. ಕೋಡ್‌ನ ವಿಷಯದಲ್ಲೇ ಅದು ಅರ್ಧಸತ್ಯವೆಂದು ಹಾರ್ಟ್‌ಬ್ಲೀಡ್ ತೋರಿಸಿತು. ಆ ದೋಷವಿದ್ದ ಸಾಲುಗಳು 2011ರ ಕೊನೆಯ ದಿನ ಮೂಲಸಂಕೇತಕ್ಕೆ ಸೇರಿದ್ದವು. ಎರಡು ವರ್ಷಕ್ಕೂ ಮಿಕ್ಕಿ ಅವು ಎಲ್ಲರೆದುರೇ ಇದ್ದವು. ನೋಡಬಹುದು ಎಂಬುದಕ್ಕೂ ಯಾರೋ ನೋಡುತ್ತಿದ್ದಾರೆ ಎಂಬುದಕ್ಕೂ ನಡುವೆ ಎಷ್ಟು ದೂರವಿದೆಯೆಂದು ಇದರಿಂದ ತಿಳಿಯುತ್ತದೆ. ಆದರೆ ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆಯಿದೆ. ತೆರೆದ ಕೋಡ್ ನಂಬಿಕೆ ಗಳಿಸುವುದು ಕಾಣುತ್ತದೆಂಬ ಒಂದೇ ಕಾರಣಕ್ಕಲ್ಲ. ಒಬ್ಬರು ಕಳಿಸಿದ ಪ್ಯಾಚ್, ಅಂದರೆ ಕೋಡ್‌ನ ತಿದ್ದುಪಡಿ, ತಿರಸ್ಕೃತವಾದರೆ ನಿರ್ವಾಹಕರು ಏಕೆಂದು ಬರೆಯುತ್ತಾರೆ. ಕಳಿಸಿದವರು ಮರುವಾದ ಹೂಡುತ್ತಾರೆ. ಮೂರನೆಯವರು ಪರೀಕ್ಷೆ ನಡೆಸಿ ಇಬ್ಬರಲ್ಲಿ ಯಾರು ಸರಿಯೆಂದು ತೋರಿಸಬಹುದು. ಒಪ್ಪಿಗೆಯಾದ ಬದಲಾವಣೆ ಕೆಟ್ಟದ್ದೆಂದು ಕಂಡರೆ ಹಿಂದಕ್ಕೆ ಪಡೆಯಬಹುದು. ಏನೂ ಸರಿಹೋಗದಿದ್ದರೆ ಇಡೀ ಕೋಡನ್ನು ಕವಲೊಡೆಸಿ ಬೇರೆ ಯೋಜನೆ ಶುರುಮಾಡಬಹುದು. ಅಂದರೆ ಪ್ರಶ್ನೆ, ಕಾರಣ, ಮರುಪರಿಶೀಲನೆ, ಪರಿಣಾಮ ಇವೆಲ್ಲ ಅಲ್ಲಿ ಹೆಣೆದುಕೊಂಡಿವೆ. ಹಣದ ವಿಷಯಕ್ಕೆ ಬಂದಾಗ ಸಮುದಾಯ ಇವುಗಳಲ್ಲಿ ತೆರೆದಿಡುವುದನ್ನು ಮಾತ್ರ ಎರವಲು ತಂದು ಉಳಿದವನ್ನು ಅಲ್ಲೇ ಬಿಟ್ಟಿತು. ಹತ್ತು ಸಾಲಿನ ಪ್ಯಾಚನ್ನು ಕಾರಣ ಕೊಡದೆ ತಳ್ಳಿಹಾಕಿದರೆ ಒರಟುತನವೆನ್ನುವ ಜನ, ಆರು ತಿಂಗಳ ದುಡಿಮೆಯ ಅರ್ಜಿಯನ್ನು ಎರಡು ಸಾಲಿನ ವಿಷಾದಪತ್ರದಿಂದ ಮುಗಿಸುವುದನ್ನು ಸಹಜವೆಂದು ಒಪ್ಪಿಕೊಂಡಿದ್ದಾರೆ. ಇದು ನನಗೆ ಅರ್ಥವಾಗದ ಸಂಗತಿ.

ಲೆಕ್ಕಪತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಸ್ವಲ್ಪ ಬಿಡಿಸಿ ನೋಡಬೇಕು. ಫಾರ್ಮ್ 990ರಲ್ಲಿ ಒಟ್ಟು ವರಮಾನ, ಒಟ್ಟು ವೆಚ್ಚ, ಪದಾಧಿಕಾರಿಗಳ ಸಂಬಳ ಇರುತ್ತವೆ. ಅಮೆರಿಕದ ಹೊರಗೆ ಕೊಟ್ಟ ಹಣ ಅದರ ಒಂದು ಅನುಬಂಧದಲ್ಲಿ ದಕ್ಷಿಣ ಏಷ್ಯಾಕ್ಕೆ ಇಷ್ಟು, ಸಹಾರಾದ ದಕ್ಷಿಣದ ಆಫ್ರಿಕಕ್ಕೆ ಇಷ್ಟು ಎಂದು ಪ್ರದೇಶವಾರು ಮೊತ್ತವಾಗಿ ಬರುತ್ತದೆ. ಅದೂ ಆರ್ಥಿಕ ವರ್ಷ ಮುಗಿದು ಎಷ್ಟೋ ತಿಂಗಳಾದ ಮೇಲೆ. ಓಪನ್ ಕಲೆಕ್ಟಿವ್‌ನ ಖಾತೆ ಇದಕ್ಕಿಂತ ಹೊಸದು, ಇದಕ್ಕಿಂತ ವಿವರವಾದದ್ದು. ಆದರೆ ಎರಡರಲ್ಲೂ ಕಾಣುವುದು ಆಗಿಹೋದ ಪಾವತಿ ಮಾತ್ರ. ಪಾವತಿಯಾಗದ ಅರ್ಜಿಗೆ ಲೆಕ್ಕಪುಸ್ತಕದಲ್ಲಿ ಸಾಲೇ ಇಲ್ಲ. ಊರಿನ ಗಣೇಶೋತ್ಸವ ಮುಗಿದ ಮೇಲೆ ಗೋಡೆಗೆ ಅಂಟಿಸುವ ಚಂದಾ ಲೆಕ್ಕದಲ್ಲಿ ಶಾಮಿಯಾನಕ್ಕೆ ಇಷ್ಟು, ಮೈಕ್‌ಸೆಟ್ಟಿಗೆ ಇಷ್ಟು ಎಂದಿರುತ್ತದೆ. ಮೂವರು ಶಾಮಿಯಾನದವರಲ್ಲಿ ಇವರನ್ನೇ ಏಕೆ ಕರೆದರು ಎಂದು ಇರುವುದಿಲ್ಲ. ಹಣ ಕದ್ದವರನ್ನು ಹಿಡಿಯಲು ಇಂಥ ಲೆಕ್ಕ ಬೇಕೇಬೇಕು. ಆದರೆ ಈ ವಲಯದ ಅನುದಾನಗಳಲ್ಲಿ ಹೆಚ್ಚಾಗಿ ಎದುರಾಗುವ ತೊಂದರೆ ಕಳ್ಳತನವಲ್ಲ. ಪರಿಚಿತರಿಗೆ ಮಣೆ ಹಾಕುವುದು, ಇಂಗ್ಲಿಷಿನಲ್ಲಿ ಚೆನ್ನಾಗಿ ಅರ್ಜಿ ಬರೆಯಬಲ್ಲವರಿಗೆ ಒಲಿಯುವುದು, ಹೇಳದೆ ಬಿಟ್ಟ ಮಾನದಂಡಗಳಿಂದ ಅಳೆಯುವುದು, ಉತ್ತರ ಕೊಡದೆ ತಿಂಗಳುಗಟ್ಟಲೆ ಕಾಯಿಸುವುದು, ಇವೇ ನಿಜವಾದ ತೊಂದರೆಗಳು. ಇವುಗಳಲ್ಲಿ ಒಂದೂ ಲೆಕ್ಕಪತ್ರದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಇದು ಕೇವಲ ತರ್ಕದ ಮಾತಲ್ಲ ಎನ್ನುವುದಕ್ಕೆ ಪೈಥಾನ್ ಸಮುದಾಯದ ಒಂದು ಪ್ರಸಂಗ ಸಾಕ್ಷಿ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಜಗತ್ತಿನಾದ್ಯಂತ ಸಮ್ಮೇಳನ, ಕಾರ್ಯಾಗಾರಗಳಿಗೆ ಅನುದಾನ ಕೊಡುತ್ತ ಬಂದಿದೆ. 2023ರ ನವೆಂಬರ್‌ನಲ್ಲಿ ತಾಂಜಾನಿಯಾದ ಜಾಂಜಿಬಾರಿನಲ್ಲಿ ಮೊದಲ ಜ್ಯಾಂಗೋಕಾನ್ ಆಫ್ರಿಕ ಸಮ್ಮೇಳನ ನಡೆಯಿತು. ಅದರ ಸಂಘಟಕರ ಅನುದಾನದ ಅರ್ಜಿ ಫೌಂಡೇಶನ್ನಿನಲ್ಲಿ ಬಹುಕಾಲ ತೂಗಾಡಿತು. ಸಲಿಂಗ ಸಂಬಂಧ ಅಪರಾಧವಾಗಿರುವ ಆ ದೇಶದಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಸಮ್ಮೇಳನಕ್ಕೆ ಸುರಕ್ಷಿತವಾಗಿ ಬರಬಹುದೇ ಎಂಬ ಪ್ರಶ್ನೆ ವಿಳಂಬದ ಹಿಂದಿತ್ತು. ಪ್ರಶ್ನೆ ಸಣ್ಣದಲ್ಲ, ಅದನ್ನು ಎತ್ತಿದ್ದು ತಪ್ಪೂ ಅಲ್ಲ. ಆದರೆ ಯಾವ ಅಳತೆಗೋಲಿನಿಂದ, ಎಲ್ಲ ದೇಶಗಳಿಗೂ ಅನ್ವಯವಾಗುವ ಯಾವ ನಿಯಮದಿಂದ ತೀರ್ಮಾನವಾಗುತ್ತದೆ ಎಂಬುದು ಅರ್ಜಿದಾರರಿಗೆ ಮೊದಲೇ ತಿಳಿದಿರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಆಫ್ರಿಕದ ಹಲವು ದೇಶಗಳ ಪೈಥಾನ್ ಸಮುದಾಯದವರು ಕೂಡಿ ಬಹಿರಂಗ ಪತ್ರ ಬರೆದು ತಮ್ಮನ್ನು ನಡೆಸಿಕೊಂಡ ರೀತಿಯನ್ನು ಪ್ರತಿಭಟಿಸಿದರು. ಗಮನಿಸಬೇಕಾದದ್ದೇನೆಂದರೆ ಆಗಲೂ ಫೌಂಡೇಶನ್ನಿನ ಲೆಕ್ಕ ತೆರೆದೇ ಇತ್ತು. ಆಫ್ರಿಕದ ಸಂಘಟಕರ ದೂರು ಹಣ ಎಲ್ಲಿಗೆ ಹೋಯಿತು ಎಂಬುದರ ಬಗ್ಗೆ ಇರಲಿಲ್ಲ, ತೀರ್ಮಾನ ಹೇಗಾಯಿತು ಎಂಬುದರ ಬಗ್ಗೆ ಇತ್ತು. ಮುಂದೆ ಫೌಂಡೇಶನ್ ಹಿಂದಿನ ವರ್ಷಗಳ ಅನುದಾನಗಳ ಬಗ್ಗೆ ಎಷ್ಟು ಅರ್ಜಿ ಬಂದವು, ಎಷ್ಟು ಒಪ್ಪಿಗೆಯಾದವು, ಎಷ್ಟು ನಿರಾಕರಣೆಯಾದವು ಎಂದು ಖಂಡವಾರು ಅಂಕಿಅಂಶಗಳೊಡನೆ ವರದಿ ಪ್ರಕಟಿಸಿತು. ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಬಹುದಾದ ಮಾತುಕತೆಯ ಸಮಯವನ್ನು 2024ರಿಂದ ನಿಗದಿ ಮಾಡಿತು. ಈ ಎರಡರಲ್ಲಿ ಯಾವುದು ಹೆಚ್ಚು ಮುಖ್ಯವೆಂದು ಕೇಳಿದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ವರದಿಯನ್ನು ಯಾರೂ ಓದದೆಯೂ ಇರಬಹುದು. ಪ್ರಶ್ನೆ ಕೇಳಿದವರು ಎದುರಿಗೆ ಕುಳಿತಿರುವಾಗ ಉತ್ತರಿಸದೆ ಎದ್ದುಹೋಗುವುದು ಕಷ್ಟ.

ಭಾರತದಲ್ಲಿ ಬೆಳೆದ ನಮಗೆ ಈ ವ್ಯತ್ಯಾಸ ಹೊಸದಾಗಿ ಕಲಿಯಬೇಕಾದದ್ದಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಲ್ಲಿ ಜನಸುನ್ವಾಯಿ, ಅಂದರೆ ಸಾರ್ವಜನಿಕ ಅಹವಾಲು ಸಭೆಗಳನ್ನು ಆರಂಭಿಸಿದಾಗ ಪಂಚಾಯತಿಯ ಕೂಲಿಪಟ್ಟಿ, ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕಾಗದ ಸಿಕ್ಕಿದ್ದರಿಂದಷ್ಟೇ ಏನೂ ಆಗುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದೂ ಕೂಲಿ ಸಿಗದವರು ಅಲ್ಲೇ ಎದ್ದುನಿಂತು ಕೇಳಿದ್ದರಿಂದ ಆಯಿತು. ಆ ಹೋರಾಟ ಬೆಳೆದು ಬಂದ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಜನ ಅಷ್ಟಾಗಿ ನೆನೆಯದ ಒಂದು ಅಂಶವಿದೆ: ಸೆಕ್ಷನ್ 4(1)(ಡಿ) ಪ್ರಕಾರ ಸಾರ್ವಜನಿಕ ಪ್ರಾಧಿಕಾರ ತನ್ನ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಒದಗಿಸಬೇಕು. ಯಾರೂ ಅರ್ಜಿ ಹಾಕದಿದ್ದರೂ ಇದು ಪ್ರಾಧಿಕಾರದ ಕರ್ತವ್ಯ. ಮಾಹಿತಿ ಕೊಡುವುದನ್ನೂ ಕಾರಣ ಕೊಡುವುದನ್ನೂ ಕಾಯ್ದೆ ಬೇರೆಬೇರೆಯಾಗಿಯೇ ಬರೆದಿದೆ. ಪೈಥಾನ್ ಫೌಂಡೇಶನ್ನಿಗಾಗಲಿ ಇನ್ನಾವ ಖಾಸಗಿ ನಿಧಿಗಾಗಲಿ ಈ ಕಾಯ್ದೆ ಅನ್ವಯಿಸದು. ನಾನು ಹೇಳುತ್ತಿರುವುದು ಕಾನೂನಿನ ಬಲದ ಮಾತಲ್ಲ, ಅದರ ಹಿಂದಿನ ವಿವೇಕದ ಮಾತು. ಹೊಣೆಗಾರಿಕೆಗೆ ಮೂರು ಅಂಗಗಳಿವೆ: ಕೇಳುವ ಹಕ್ಕಿರುವ ಒಬ್ಬರು, ಉತ್ತರಿಸುವ ಬಾಧ್ಯತೆಯಿರುವ ಒಬ್ಬರು, ಉತ್ತರ ಸರಿಯಿಲ್ಲದಿದ್ದರೆ ಬದಲಾಗುವ ಏನಾದರೊಂದು. ಪಾರದರ್ಶಕತೆ ಇವುಗಳಿಗೆ ಬೇಕಾದ ಸರಕನ್ನು ಒದಗಿಸುತ್ತದೆ, ಅಷ್ಟೇ.

ಎರಡನೆಯ ಗೊಂದಲ ಇದಕ್ಕಿಂತ ಸೂಕ್ಷ್ಮವಾದದ್ದು, ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಹಾನಿಕರ. ಹೊಣೆಗಾರಿಕೆ ಹೆಚ್ಚಬೇಕೆಂಬ ಕೂಗು ಎದ್ದಾಗಲೆಲ್ಲ ಅದರ ಭಾರ ಬೀಳುವುದು ಹಣ ಪಡೆದವರ ಮೇಲೆ. ವರದಿ ಹೆಚ್ಚು ಕೊಡಿ, ಗಂಟೆಗಳನ್ನು ಎಣಿಸಿ, ಮೈಲಿಗಲ್ಲುಗಳನ್ನು ಪಟ್ಟಿಮಾಡಿ ಎಂದು ಅವರಿಗೆ ಹೇಳುತ್ತೇವೆ. ತೀರ್ಮಾನ ಮಾಡಿದವರಿಂದ ಅಷ್ಟೇ ವಿವರ ಕೇಳುವುದಿಲ್ಲ. ಪರ್ಲ್ ಫೌಂಡೇಶನ್ನಿನ ಕೋರ್ ನಿರ್ವಹಣಾ ಅನುದಾನಗಳನ್ನು ನೋಡಿ. ಪರ್ಲ್ ಭಾಷೆಯ ಒಳಗಿನ ದೋಷಗಳನ್ನು ಸರಿಪಡಿಸುವವರು ಯಾವ ದೋಷದ ಮೇಲೆ ಎಷ್ಟು ಹೊತ್ತು ಕಳೆದೆವೆಂದು ಗಂಟೆ, ನಿಮಿಷಗಳ ಲೆಕ್ಕದಲ್ಲಿ ವರ್ಷಗಟ್ಟಲೆ ಬಹಿರಂಗವಾಗಿ ಬರೆದಿದ್ದಾರೆ. ಆ ವರದಿಗಳಿಗೆ ಬೆಲೆಯಿದೆ. ನಿರ್ವಹಣೆಯೆಂದರೆ ಬಹುಪಾಲು ಯಾರೂ ಹೊಗಳದ ಕೆಲಸ, ಒಂದು ದೋಷದ ಬೇರು ಹುಡುಕಲು ಇಡೀ ದಿನ ಹೋಗಬಹುದು ಎಂಬುದು ಅವುಗಳಿಂದ ಹೊರಗಿನವರಿಗೂ ತಿಳಿಯುತ್ತದೆ. ಆದರೆ ಗಂಟೆಯ ಲೆಕ್ಕ ದುಡಿಮೆಯನ್ನು ತೋರಿಸುತ್ತದೆಯೇ ಹೊರತು ಆ ದುಡಿಮೆಗೇ ಹಣ ಕೊಟ್ಟದ್ದು ಸರಿಯೇ ಎಂಬುದನ್ನಲ್ಲ. ಪರ್ಲ್ ಸಮುದಾಯಕ್ಕೆ ಸಲ್ಲಬೇಕಾದ ಮೆಚ್ಚುಗೆ ಬೇರೆ ಕಡೆಯಿದೆ: ಅಲ್ಲಿ ಅನುದಾನದ ಪ್ರಸ್ತಾವಗಳನ್ನು ಮೊದಲು ಬಹಿರಂಗಪಡಿಸಿ, ಸಮುದಾಯದ ಅಭಿಪ್ರಾಯ ಕೇಳಿ, ಆಮೇಲೆ ಸಮಿತಿ ಮತ ಹಾಕುವ ಪದ್ಧತಿಯಿತ್ತು, ಮುಗಿಯದೆ ನಿಂತುಹೋದ ಅನುದಾನಗಳನ್ನೂ ಮುಚ್ಚಿಡದೆ ರದ್ದಾಯಿತೆಂದು ಪ್ರಕಟಿಸುತ್ತಿದ್ದರು. ತೀರ್ಮಾನಕ್ಕೆ ಮೊದಲು ಮಾತು ಕೇಳುವುದು, ಸೋತದ್ದನ್ನು ಒಪ್ಪಿಕೊಳ್ಳುವುದು ಎರಡೂ ಕೊಡುವವರ ಮೇಲಿನ ಹೊಣೆ. ನೆದರ್‌ಲ್ಯಾಂಡ್ಸಿನ ಎನ್‌ಎಲ್‌ನೆಟ್ ಫೌಂಡೇಶನ್ ಇನ್ನೊಂದು ದಾರಿ ಹಿಡಿದಿದೆ. ಸಾಮಾನ್ಯವಾಗಿ 5,000ದಿಂದ 50,000 ಯೂರೋವರೆಗಿನ ಅದರ ಅನುದಾನಗಳಲ್ಲಿ ಒಪ್ಪಿಕೊಂಡ ಕೆಲಸದ ಒಂದೊಂದು ಹಂತ ಮುಗಿದಾಗ ಅದಕ್ಕೆ ಗೊತ್ತುಮಾಡಿದ ಹಣ ಸಿಗುತ್ತದೆ. ಕಾಗದದ ಕೆಲಸ ಕಡಿಮೆ, ಕೆಲಸವೇ ವರದಿ. ಹೊಸದನ್ನು ಕಟ್ಟುವ ಯೋಜನೆಗಳಿಗೆ ಇದು ಒಪ್ಪುತ್ತದೆ. ನಾಳೆ ಯಾವ ದೋಷ ಬರುತ್ತದೆಂದು ಇವತ್ತೇ ಹೇಳಲಾಗದ ನಿರ್ವಹಣೆಗೆ ಅಷ್ಟು ಸುಲಭವಾಗಿ ಒಪ್ಪದು. ವರದಿಯ ವಿಧಾನ ಕೆಲಸದ ಸ್ವಭಾವಕ್ಕೆ ತಕ್ಕಂತಿರಬೇಕು. ದೇಣಿಗೆದಾರರ ಆತಂಕ ಶಮನಕ್ಕಾಗಿ ಎಲ್ಲರ ಮೇಲೂ ಒಂದೇ ನಮೂನೆ ಹೇರಿದರೆ ಸಮುದಾಯದ ಹಣ ಸಮುದಾಯದ ಕೆಲಸಕ್ಕೆ ಹೋಗದೆ ವರದಿ ಬರೆಯುವುದಕ್ಕೆ ಹೋಗುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಕೇಳುವ ಹಕ್ಕು ಯಾರದು? ಸಮುದಾಯದ ಹಣ ಎಂದಾಗ ಸಮುದಾಯವೆಂದರೆ ಯಾರು? ದೇಣಿಗೆ ಕೊಟ್ಟವರೇ ಯಜಮಾನರು, ಅವರಿಗೆ ಇಷ್ಟವಿಲ್ಲದಿದ್ದರೆ ಕೊಡುವುದನ್ನು ನಿಲ್ಲಿಸುತ್ತಾರೆ, ಅದಕ್ಕಿಂತ ದೊಡ್ಡ ಹೊಣೆಗಾರಿಕೆ ಯಾವುದು ಎಂದು ಕೇಳುವವರಿದ್ದಾರೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತನ್ನ ಪುಸ್ತಕದಲ್ಲಿ ಕೆಡುತ್ತಿರುವ ಸಂಸ್ಥೆಯನ್ನು ತಿದ್ದಲು ಇರುವ ಎರಡು ದಾರಿಗಳನ್ನು ವಿಂಗಡಿಸಿದ: ಬಿಟ್ಟುಹೋಗುವುದು ಮತ್ತು ದನಿಯೆತ್ತುವುದು. ಈ ಆಕ್ಷೇಪ ಮೊದಲನೆಯ ದಾರಿಯನ್ನಷ್ಟೇ ನಂಬುತ್ತದೆ. ಆದರೆ ದೇಣಿಗೆದಾರ ಸುಮ್ಮನೆ ಕೊಡುವುದನ್ನು ನಿಲ್ಲಿಸಿಬಿಟ್ಟರೆ ಏಕೆ ನಿಲ್ಲಿಸಿದನೆಂದು ಸಮಿತಿಗೆ ತಿಳಿಯುವುದಿಲ್ಲ, ಪೆಟ್ಟು ಬೀಳುವುದು ಸಮಿತಿಗಲ್ಲ, ಮುಂದಿನ ಸುತ್ತಿನಲ್ಲಿ ಹಣ ಸಿಗಬೇಕಿದ್ದ ನಿರ್ವಾಹಕನಿಗೆ. ಅದಲ್ಲದೆ ಈ ತಂತ್ರಾಂಶಗಳನ್ನು ಬಳಸುವವರಲ್ಲಿ ದೇಣಿಗೆ ಕೊಟ್ಟವರು ಬೆರಳೆಣಿಕೆಯಷ್ಟು. ಕೊಡದವರೂ ಅವುಗಳನ್ನು ನೆಚ್ಚಿಕೊಂಡಿದ್ದಾರೆ. ಸಂಬಳವಿಲ್ಲದೆ ಪ್ಯಾಚ್ ಕಳಿಸುವವರು ಹಣಕ್ಕಿಂತ ಹೆಚ್ಚಿನದನ್ನೇ ಕೊಟ್ಟಿರುತ್ತಾರೆ. ಹಾಗಾದರೆ ತೀರ್ಮಾನವನ್ನೇ ಜನಕ್ಕೆ ಬಿಡಬಹುದಲ್ಲ ಎಂಬುದು ಮುಂದಿನ ಮಾತು. ಗಿಟ್‌ಕಾಯಿನ್ ಎಂಬ ಅನುದಾನ ವೇದಿಕೆ 2019ರಿಂದ ಮಾಡಿದ ಪ್ರಯೋಗ ಅದೇ. ಒಟ್ಟು ಮೊತ್ತಕ್ಕಿಂತ ಕೊಟ್ಟವರ ಸಂಖ್ಯೆಗೆ ಹೆಚ್ಚು ತೂಕ ಬರುವ ಸೂತ್ರವೊಂದರಿಂದ ಸಾಮಾನ್ಯ ನಿಧಿಯನ್ನು ಹಂಚಿದರು. ಒಬ್ಬರು ನೂರು ಡಾಲರ್ ಕೊಟ್ಟ ಯೋಜನೆಗಿಂತ ನೂರು ಜನ ಒಂದೊಂದು ಡಾಲರ್ ಕೊಟ್ಟ ಯೋಜನೆಗೆ ಹೆಚ್ಚು ಪಾಲು. ಕಲ್ಪನೆ ಸೊಗಸಾಗಿದೆ. ಒಬ್ಬನೇ ಹತ್ತಾರು ಖಾತೆ ತೆರೆದು ಹತ್ತಾರು ಜನರಂತೆ ನಟಿಸುವ ಮೋಸವನ್ನು ತಡೆಯಲು ಅವರು ಗುರುತುಪರೀಕ್ಷೆಯ ವ್ಯವಸ್ಥೆ ಕಟ್ಟಬೇಕಾಯಿತು. ಆ ಮೋಸವನ್ನು ಪೂರ್ತಿ ನಿಲ್ಲಿಸಿದರೂ ಮೂಲ ತೊಡಕು ಉಳಿಯುತ್ತದೆ: ಜನಪ್ರಿಯತೆ ಎಂದರೆ ಅಗತ್ಯವಲ್ಲ.

ಇದಕ್ಕೊಂದು ಉದಾಹರಣೆ: 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದಲ್ಲಿ ಕಳ್ಳಬಾಗಿಲು ಪತ್ತೆಯಾಯಿತು. ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇರುವ ಆ ತಂತ್ರಾಂಶವನ್ನು ಬಹುಕಾಲ ನೋಡಿಕೊಂಡು ಬಂದವರು ಒಬ್ಬರೇ ಸ್ವಯಂಸೇವಕರು; ಅವರ ದಣಿವನ್ನೇ ಬಳಸಿಕೊಂಡು ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ಅಪರಿಚಿತನೊಬ್ಬ ಆ ಕಳ್ಳಬಾಗಿಲನ್ನು ಸೇರಿಸಿದ್ದ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತದಿದ್ದರೆ ಅದು ಎಲ್ಲೆಡೆ ಹರಡುತ್ತಿತ್ತು. ಹಣ ಇದ್ದಿದ್ದರೆ ಇದು ಖಂಡಿತ ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಆದರೆ ಜನಮತ ಹಾಕಿಸಿದ್ದರೆ ಎಕ್ಸ್‌ಝಡ್‌ಗೆ ಎಷ್ಟು ಮತ ಬೀಳುತ್ತಿದ್ದವು? ಕನ್ನಡಕ್ಕೇ ಬನ್ನಿ. ಲಿನಕ್ಸ್‌ನ ಒಂದು ಆವೃತ್ತಿಯಾದ ಡೆಬಿಯನ್‌ನಲ್ಲಿ ಲಭ್ಯವಿರುವ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಿಂದ ಕನ್ನಡ ಓದುವವರಿದ್ದಾರೆ. ಜಗತ್ತಿನ ಡೆವಲಪರುಗಳ ನಡುವೆ ಮತಕ್ಕೆ ಹಾಕಿದರೆ ಕನ್ನಡದ ಫಾಂಟಿನ ಒತ್ತಕ್ಷರ ಸರಿಪಡಿಸುವ ಕೆಲಸ ಎಂದೂ ಪಟ್ಟಿಯ ಮೇಲ್ತುದಿಗೆ ಬಾರದು. ಇಂಥ ಕೆಲಸಗಳನ್ನು ಗುರುತಿಸಲು ತಿಳಿದವರ ಸಮಿತಿಯೇ ಬೇಕು. ಸಮಿತಿ ಬೇಕೆನ್ನುವವರಿಗೆ ಆ ಸಮಿತಿ ಉತ್ತರ ಕೊಡುವಂತಿರಬೇಕೆಂಬ ಒತ್ತಾಯವೂ ಇರಬೇಕು.

ಎಲ್ಲ ನಿಧಿಗಳಿಗೂ ಒಂದೇ ಮಟ್ಟದ ಹೊಣೆ ಹೇರಲಾಗದು ಎಂಬುದನ್ನೂ ಒಪ್ಪಬೇಕು. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ಫ್ಲಾಸ್ ಫಂಡ್ ಆರಂಭಿಸಿತು. ಒಂದು ಯೋಜನೆಗೆ 10,000ದಿಂದ 1,00,000 ಡಾಲರ್‌ವರೆಗೆ. ಹಣ ಬೇಕಾದವರು ತಮ್ಮ ಅಗತ್ಯವನ್ನು ಫಂಡಿಂಗ್ ಡಾಟ್ ಜೇಸನ್ ಎಂಬ ಕಡತದಲ್ಲಿ ಬರೆದು ತಮ್ಮದೇ ತಾಣದಲ್ಲಿ ಇಡಬೇಕು, ಅದನ್ನು ಬೇರೆ ದಾನಿಗಳೂ ಓದಬಹುದು ಎಂಬುದು ಅದರ ಒಳ್ಳೆಯ ಯೋಚನೆ. ಅದು ಕಂಪನಿ ತಾನು ದುಡಿದ ಹಣ. ಯಾರಿಗೆ ಕೊಡಬೇಕೆಂಬುದು ಕೊನೆಗೂ ಅದರ ಇಷ್ಟ. ಜರ್ಮನಿಯ ಸಾವರಿನ್ ಟೆಕ್ ಫಂಡ್ 2022ರಿಂದ ಕೊಡುತ್ತಿರುವುದು ತೆರಿಗೆ ಹಣ. ಅದು ಸಂಸತ್ತಿಗೆ, ಲೆಕ್ಕಪರಿಶೋಧಕರಿಗೆ ಉತ್ತರಿಸಬೇಕು. ಇವೆರಡರ ನಡುವೆ ಇರುವ, ಸಾವಿರಾರು ಜನರ ಸಣ್ಣ ಸಣ್ಣ ದೇಣಿಗೆ ಕೂಡಿಸಿ ಹಂಚುವ ನಿಧಿಗೆ ಯಜಮಾನನೂ ಇಲ್ಲ, ಸಂಸತ್ತೂ ಇಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ.

ಇನ್ನು ಕೆಲಸ ಮಾಡಿ ದಣಿದವರು ಎತ್ತುವ ಆಕ್ಷೇಪಗಳು. ಸಮಿತಿಯವರೂ ಸ್ವಯಂಸೇವಕರು, ಪ್ರತಿ ಅರ್ಜಿಗೂ ಕಾರಣ ಬರೆಯುತ್ತ ಕೂತರೆ ಅವರೂ ಓಡಿಹೋಗುತ್ತಾರೆ ಎನ್ನುತ್ತಾರೆ. ಕಾಳಜಿ ನಿಜವಾದದ್ದು. ಆದರೆ ಎರಡು ವಾಕ್ಯದಲ್ಲಿ ಕಾರಣ ಹೇಳಲಾಗದ ತೀರ್ಮಾನ ಇನ್ನೂ ಪೂರ್ತಿ ತೀರ್ಮಾನವೇ ಆಗಿಲ್ಲ. ಚರ್ಚೆಯಲ್ಲಿ ಆಡಿದ ಮಾತನ್ನೇ ಬರೆದಿಟ್ಟರೆ ಸಾಕು. ಪಡೆದವರಿಂದ ಕೇಳುವ ತಿಂಗಳ ವರದಿಗಳಲ್ಲಿ ಅರ್ಧವನ್ನು ಬಿಟ್ಟುಕೊಟ್ಟರೆ ಅವನ್ನು ಓದುವ ಸಮಯ ಇದಕ್ಕೆ ಸಿಗುತ್ತದೆ. ಕಾರಣ ಬಯಲಾದರೆ ನಿರಾಕೃತರಿಗೆ ಅವಮಾನ ಎನ್ನುವ ಮಾತೂ ಇದೆ. ಅದು ಸರಿ, ಆದ್ದರಿಂದಲೇ ಕಾರಣ ಮೊದಲು ಸಲ್ಲಬೇಕಾದದ್ದು ಅರ್ಜಿದಾರರಿಗೆ. ಹೊರಗಿನವರಿಗೆ ಹೆಸರಿಲ್ಲದೆ, ಯಾವ ಕಾರಣಕ್ಕೆ ಎಷ್ಟು ಅರ್ಜಿ ಬಿದ್ದುಹೋದವು ಎಂಬ ಒಟ್ಟು ಚಿತ್ರ ಸಾಕು. ಪಡೆದವರ ಹೆಸರನ್ನೇ ಮರೆಮಾಡಬೇಕಾದ ಸಂದರ್ಭಗಳೂ ಉಂಟು. ಸರ್ಕಾರದ ಕಣ್ಗಾವಲಿನಲ್ಲಿ ಗೋಪ್ಯತೆಯ ಉಪಕರಣ ಕಟ್ಟುವವರಿಗೆ ವಿದೇಶಿ ಹಣ ಬಂತೆಂದು ಪ್ರಕಟಿಸಿದರೆ ಅವರ ಜೀವಕ್ಕೇ ಕುತ್ತು ಬರಬಹುದು. ಎಲ್ಲವನ್ನೂ ಬಯಲಿಗಿಡುವುದೇ ಹೊಣೆಗಾರಿಕೆ ಎಂದು ನಂಬಿದವರಿಗೆ ಇಲ್ಲಿ ದಾರಿ ಮುಚ್ಚುತ್ತದೆ. ಉತ್ತರ ಕೊಡುವುದೇ ಹೊಣೆಗಾರಿಕೆ ಎಂದುಕೊಂಡವರು ಸಮಿತಿಯ ಹೊರಗಿನ ವಿಶ್ವಾಸಾರ್ಹರೊಬ್ಬರ ಮುಂದೆ ಗುಟ್ಟಾಗಿಯೇ ಉತ್ತರಿಸಬಹುದು. ಇನ್ನು ಕಾರಣ ಕೊಟ್ಟರೆ ಜಗಳ ಹೆಚ್ಚುತ್ತದೆಂಬ ಭಯ. ಅನುಭವ ಬೇರೆಯದನ್ನು ಹೇಳುತ್ತದೆ. ಪೈಥಾನ್ ಫೌಂಡೇಶನ್ 2025ರ ಆಗಸ್ಟ್‌ನಲ್ಲಿ ಆ ವರ್ಷಕ್ಕೆಂದು ಮೀಸಲಿಟ್ಟ ಅನುದಾನದ ಹಣ ಅವಧಿಗೆ ಮೊದಲೇ ಮುಗಿದದ್ದರಿಂದ ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಿದ್ದೇವೆಂದು ಬಿಚ್ಚಿ ಹೇಳಿತು. ಅಕ್ಟೋಬರ್‌ನಲ್ಲಿ ತನಗೇ ಶಿಫಾರಸಾಗಿದ್ದ ಅಮೆರಿಕ ಸರ್ಕಾರದ 15 ಲಕ್ಷ ಡಾಲರ್ ಅನುದಾನದ ಪ್ರಸ್ತಾವವನ್ನು, ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ತನ್ನ ಕಾರ್ಯಕ್ರಮಗಳಿಗೆ ಅಡ್ಡಬರುವ ಷರತ್ತುಗಳ ಕಾರಣ ಕೊಟ್ಟು ಹಿಂದಕ್ಕೆ ಪಡೆಯಿತು. ಎರಡೂ ಕಹಿ ಸುದ್ದಿಗಳೇ. ಆದರೆ ಎರಡನೆಯದರ ಬೆನ್ನಿಗೇ ಹೊಸ ದೇಣಿಗೆಗಳು, ಹೊಸ ಸದಸ್ಯರು ಬಂದರು. ಕಾರಣ ತಿಳಿದ ಜನ ಒಪ್ಪದಿದ್ದರೂ ಗೌರವಿಸುತ್ತಾರೆ.

ಇಷ್ಟಾದ ಮೇಲೆ ಬೇಕಾದದ್ದೇನು ಎಂಬುದು ದೊಡ್ಡ ಪಟ್ಟಿಯಾಗಬೇಕಿಲ್ಲ.

1. ಅಳತೆಗೋಲು ಸುತ್ತು ಶುರುವಾಗುವ ಮುನ್ನವೇ ಬರಹದಲ್ಲಿರಬೇಕು. ಸುರಕ್ಷತೆ, ದೇಶ, ಭಾಷೆ, ಹಿಂದಿನ ಪರಿಚಯ ಯಾವುದನ್ನು ಎಣಿಸಿದರೂ ಅದು ಅದರಲ್ಲಿ ಇರಬೇಕು. ಜಾಂಜಿಬಾರಿನ ಪ್ರಸಂಗದ ಗಾಯ ಆಳವಾದದ್ದು ಇದೊಂದು ಇಲ್ಲದ್ದರಿಂದ.

2. ನಿರಾಕೃತ ಅರ್ಜಿದಾರರಿಗೆ ಲಿಖಿತ ಕಾರಣ, ಮತ್ತು ಸಮಿತಿಯಲ್ಲಿಲ್ಲದ ಒಬ್ಬರ ಮುಂದೆ ಒಂದು ಸಲ ಮರುಪರಿಶೀಲನೆ ಕೇಳುವ ಅವಕಾಶ. ತೀರ್ಮಾನ ಬದಲಾಗಲೇಬೇಕೆಂದಲ್ಲ, ಬದಲಾಗಬಹುದು ಎಂಬ ಸಾಧ್ಯತೆಯೇ ಸಮಿತಿಯನ್ನು ಎಚ್ಚರದಲ್ಲಿಡುತ್ತದೆ.

3. ಓಪನ್ ಸೋರ್ಸ್ ವಲಯ ಚಿಕ್ಕದು, ಎಲ್ಲರೂ ಎಲ್ಲರಿಗೂ ಪರಿಚಿತರು. ಹಿತಾಸಕ್ತಿ ಇರಲೇಬಾರದು ಎಂದರೆ ಸಮಿತಿಗೆ ಜನವೇ ಸಿಗರು. ಆದ್ದರಿಂದ ಯಾವ ಅರ್ಜಿಯಿಂದ ಯಾರು ದೂರ ಉಳಿದರು ಎಂಬುದು ದಾಖಲಾಗಿ ಪ್ರಕಟವಾಗಬೇಕು.

4. ವರ್ಷಕ್ಕೊಮ್ಮೆ ಸಮಿತಿಯೇ ತನ್ನ ವರದಿ ಬರೆಯಬೇಕು: ಯಾವುದಕ್ಕೆ ಕೊಟ್ಟದ್ದು ಫಲಿಸಿತು, ಯಾವುದು ಫಲಿಸಲಿಲ್ಲ, ಮುಂದೆ ಏನು ಬದಲಿಸುತ್ತೇವೆ. ಪಡೆದವರು ಬರೆಯುವ ವರದಿ ಇದಕ್ಕೆ ಬದಲಿಯಲ್ಲ.

ಕನ್ನಡಿಗರಲ್ಲಿ ಇಂದು ಎಷ್ಟೋ ಜನ ಈ ನಿಧಿಗಳಿಗೆ ಸದಸ್ಯಶುಲ್ಕವೋ ತಿಂಗಳ ದೇಣಿಗೆಯೋ ಕೊಡುತ್ತಾರೆ, ಇನ್ನೆಷ್ಟೋ ಜನ ಅನುದಾನಕ್ಕೆ ಅರ್ಜಿ ಹಾಕುತ್ತಾರೆ. ಮುಂದಿನ ಸಲ ಕೊಡುವ ಮುನ್ನ ಆ ಸಂಸ್ಥೆಗೊಂದು ಪತ್ರ ಬರೆಯಿರಿ. ಲೆಕ್ಕ ಕೇಳಬೇಡಿ, ಅದು ಈಗಾಗಲೇ ತೆರೆದಿರುತ್ತದೆ. ಕಳೆದ ವರ್ಷ ಎಷ್ಟು ಅರ್ಜಿಗಳನ್ನು ಕೈಬಿಟ್ಟಿರಿ, ಆ ಅರ್ಜಿದಾರರಿಗೆ ಏನು ಕಾರಣ ಕೊಟ್ಟಿರಿ ಎಂದು ಕೇಳಿ. ಉತ್ತರ ಬರುವವರೆಗೂ ಕೇಳುತ್ತಿರಿ.